ಆರನೆಯ ವಾರಕ್ಕೆ ಕೂಸಿನ ತಲೆ ನೋಡೋಣ

(ಮಾಧವರಂನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಉಪನ್ಯಾಸಗಳು ಸಾಮಾನ್ಯವಾಗಿ ಸಾಹಿತ್ಯ, ಶಾಸನ, ದಾಸರ ಪದಗಳ ಸುತ್ತ ನಡೆಯುತ್ತವೆ. ಮಂತ್ರಾಲಯದ ನೆರೆಯಲ್ಲಿರುವ ಈ ಊರಿಗೆ ಅಂಥ ವಿಷಯಗಳ ಬರವಿಲ್ಲ. ಆದರೂ ಈ ಸಲ ಮಕ್ಕಳ ಆರೋಗ್ಯದ ಬಗ್ಗೆ ಮಾತಾಡಬೇಕೆಂದು ದತ್ತಿಯ ಹಿರಿಯರು ಕೇಳಿದರು. ನಾನು ಆರಿಸಿಕೊಂಡದ್ದು ಹೊರನೋಟಕ್ಕೆ ಬಹಳ ಚಿಕ್ಕದೆನಿಸುವ ಸಂಗತಿ: ಹಸುಗೂಸಿನ ತಲೆ ಒಂದು ಕಡೆ ಚಪ್ಪಟೆಯಾಗುವುದು. ತಾಯಿಗೆ ಇದು ರಾತ್ರಿ ನಿದ್ದೆ ಕೆಡಿಸುವ ಚಿಂತೆ. ಅತ್ತೆಗೆ, ನೆರೆಯವರಿಗೆ ಸೊಸೆಯ ಮೇಲೆ ತಪ್ಪು ಹೊರಿಸಲು ಒಂದು ನೆಪ. ದಿಂಬು ಮಾರುವವನಿಗೆ ವ್ಯಾಪಾರ. ವೈದ್ಯರಾದ ನಮಗೆ ಎಷ್ಟೋ ಸಲ ‘ತಾನಾಗಿ ಸರಿಹೋಗುತ್ತದೆ’ ಎಂದು ಒಂದೇ ಮಾತಿನಲ್ಲಿ ಮುಗಿಸುವ ವಿಷಯ. ಹೀಗಾಗಿ ಆ ತಾಯಿಗೆ ಸಮಾಧಾನವಾಗಿ ಕುಳಿತು ತಿಳಿಸಿ ಹೇಳುವವರು ಸಿಗುವುದಿಲ್ಲ.

ಮಾತಿನ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ. ಮಲಗಿ ಮಲಗಿ ಚಪ್ಪಟೆಯಾದ ತಲೆಗೆ ಮನೆಯವರ ಕೈಯೇ ಮದ್ದು. ಆ ಮದ್ದು ಹಿಡಿಯಬೇಕಾದರೆ ಬೇಗ ಶುರುವಾಗಬೇಕು. ಕೂಸಿಗೆ ಆರು ವಾರ ತುಂಬುವ ಹೊತ್ತಿಗೆ ಬಲ್ಲವರೊಬ್ಬರು ಅದರ ತಲೆಯನ್ನೂ ಕುತ್ತಿಗೆಯನ್ನೂ ನೋಡಬೇಕು. ನೋಡಬಲ್ಲ ಜನ ನಮ್ಮ ಊರಿನಲ್ಲೇ ಇದ್ದಾರೆ. ಆದರೆ ಮದ್ದು ಕೊಡಬೇಕಾದ ಕೈಗಳಿಗೆ ನಮ್ಮ ಸೀಮೆಯಲ್ಲಿ ಬಿಡುವಿಲ್ಲ. ಈ ಮಾತುಗಳನ್ನು ಬಿಡಿಸಿ ಹೇಳುವುದೇ ಇಂದಿನ ಉಪನ್ಯಾಸ.

ಈ ಸೀಮೆಯ ಒಂದು ವಿಶೇಷವನ್ನು ಇಲ್ಲಿ ನೆನೆಯಬೇಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ, ಅಂದಿನ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಬಂದವು. ಉಳಿದವು ಮೈಸೂರಿಗೆ ಹೋದವು. ಆಡಳಿತದ ಗೆರೆ ಬದಲಾದರೂ ನೆಂಟಸ್ತನದ ದಾರಿ ಹಾಗೆಯೇ ಉಳಿಯಿತು. ತುಂಗಭದ್ರೆ ದಾಟಿದರೆ ರಾಯಚೂರು ಜಿಲ್ಲೆ. ಹೆಣ್ಣುಮಗಳ ತವರು ಆಚೆ, ಗಂಡನ ಮನೆ ಈಚೆ. ಇಲ್ಲವೆ ತವರು ಈಚೆ, ಗಂಡನ ಮನೆ ಸಿರುಗುಪ್ಪದ ಕಡೆಗೆ. ಬಾಣಂತನಕ್ಕೆ ಹೋದವಳು ಮೂರೋ ಐದೋ ತಿಂಗಳಿಗೆ ಕೂಸನ್ನೆತ್ತಿಕೊಂಡು ಮರಳುತ್ತಾಳೆ. ಕೂಸಿನ ತಲೆ ಎಲ್ಲಕ್ಕಿಂತ ವೇಗವಾಗಿ ಬೆಳೆಯುವ ಆ ಮೂರು ತಿಂಗಳನ್ನೇ ಅದು ಒಂದು ರಾಜ್ಯದಲ್ಲಿ ಕಳೆದು, ಮುಂದಿನ ದಿನಗಳಿಗೆ ಇನ್ನೊಂದು ರಾಜ್ಯಕ್ಕೆ ಬರುತ್ತದೆ. ಆಚೆಯ ಕಾರ್ಯಕರ್ತೆ ಬರೆದದ್ದನ್ನು ಈಚೆಯವರು ಓದುವುದಿಲ್ಲ. ನಡುವೆ ಕೂಸು ತಪ್ಪಿಹೋಗುತ್ತದೆ.

ಈಗ ತಲೆಯ ರಚನೆಯ ಕಡೆ ಬರೋಣ. ದೊಡ್ಡವರ ಬುರುಡೆಯಂತೆ ಕೂಸಿನದು ಒಂದೇ ಗಟ್ಟಿ ಚಿಪ್ಪಲ್ಲ. ಹಲವು ಮೂಳೆಯ ಹಲಗೆಗಳು ಪಕ್ಕಪಕ್ಕದಲ್ಲಿದ್ದು, ಅವುಗಳ ನಡುವೆ ಮೆತ್ತನೆಯ ಹೊಲಿಗೆಯಂಥ ಸಂಧಿಗಳಿರುತ್ತವೆ. ಹಲಗೆಗಳು ಕೂಡುವ ಕಡೆ ನೆತ್ತಿಯ ಮೆತ್ತನೆಯ ಜಾಗವಿದೆ. ಹಿಂದಲೆಯ ಚಿಕ್ಕ ಜಾಗ ಎರಡು ಮೂರು ತಿಂಗಳಲ್ಲಿ ಮುಚ್ಚಿಕೊಳ್ಳುತ್ತದೆ. ಮುಂದಿನ ದೊಡ್ಡದು ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷದ ಹೊತ್ತಿಗೆ ಮುಚ್ಚುತ್ತದೆ. ಹೆರಿಗೆಯ ಇಕ್ಕಟ್ಟಿನ ದಾರಿಯಲ್ಲಿ ತಲೆ ಹಾದುಬರಲಿ ಎಂದು, ಬಳಿಕ ಮಿದುಳಿಗೆ ಬೆಳೆಯಲು ಎಡೆ ಇರಲಿ ಎಂದು ಪ್ರಕೃತಿ ಮಾಡಿಕೊಂಡ ಏರ್ಪಾಡು ಇದು. ತುಂಬು ತಿಂಗಳಿಗೆ ಹುಟ್ಟಿದ ಕೂಸಿನ ತಲೆಯ ಸುತ್ತಳತೆ ಸುಮಾರು 34–35 ಸೆಂಟಿಮೀಟರ್. ಮೊದಲ ಮೂರು ತಿಂಗಳು ಅದು ತಿಂಗಳಿಗೆ ಸುಮಾರು 2 ಸೆಂಟಿಮೀಟರ್ ಹೆಚ್ಚುತ್ತದೆ. ಮುಂದಿನ ಮೂರು ತಿಂಗಳು ತಿಂಗಳಿಗೆ ಸುಮಾರು 1. ಆಮೇಲೆ ಅರ್ಧ ಸೆಂಟಿಮೀಟರ್. ಒಂದು ವರ್ಷಕ್ಕೆ ಸುಮಾರು 46 ಸೆಂಟಿಮೀಟರ್ ಆಗಿರುತ್ತದೆ. ಅಷ್ಟರಲ್ಲಿ ಮಿದುಳಿನ ಗಾತ್ರ ಹೆಚ್ಚುಕಡಿಮೆ ಇಮ್ಮಡಿಯಾಗಿರುತ್ತದೆ.

ಹೊಲದಲ್ಲಿ ಕುಂಬಳಕಾಯಿ ಬೆಳೆಯುವುದನ್ನು ನೀವೆಲ್ಲ ನೋಡಿದ್ದೀರಿ. ನೆಲಕ್ಕೆ ತಾಗಿದ ಮಗ್ಗುಲು ಚಪ್ಪಟೆ, ಉಳಿದ ಕಡೆ ದುಂಡಗೆ. ಯಾರೂ ಅದನ್ನು ಅದುಮಿಲ್ಲ. ಬೆಳೆಯುವಾಗ ಒಂದು ಕಡೆ ಎಡೆ ಸಿಗಲಿಲ್ಲ, ಅಷ್ಟೆ. ಕೂಸಿನ ತಲೆಯಲ್ಲಿ ನಡೆಯುವುದೂ ಇದೇ. ಮೊದಲ ಮೂರು ತಿಂಗಳು ಕೂಸು ದಿನಕ್ಕೆ 14ರಿಂದ 17 ಗಂಟೆ ನಿದ್ದೆ ಮಾಡುತ್ತದೆ. ಕುತ್ತಿಗೆ ಇನ್ನೂ ನಿಂತಿರುವುದಿಲ್ಲ. ತಲೆ ಯಾವ ಕಡೆ ವಾಲಿತೋ ಆ ಕಡೆಯೇ ಉಳಿಯುತ್ತದೆ. ಅಲ್ಲಿ ಸ್ವಲ್ಪ ಚಪ್ಪಟೆಯಾದ ಮೇಲೆ ತಲೆ ಮತ್ತೆ ಮತ್ತೆ ಅದೇ ಸಮತಟ್ಟಿಗೆ ಹೊರಳುತ್ತದೆ. ಹೀಗೆ ಚಪ್ಪಟೆಯೇ ಚಪ್ಪಟೆಯನ್ನು ಹೆಚ್ಚಿಸುತ್ತದೆ. ಬೇಗ ನೋಡಬೇಕು ಎಂದು ನಾನು ಒತ್ತಿ ಹೇಳುವುದಕ್ಕೆ ಇದೇ ಕಾರಣ.

ಈ ತೊಂದರೆ ಜಗತ್ತಿನ ಗಮನಕ್ಕೆ ಬಂದ ಕಥೆಯನ್ನು ತಿಳಿಯುವುದು ಒಳ್ಳೆಯದು. ಪಶ್ಚಿಮದ ದೇಶಗಳಲ್ಲಿ ಕೂಸುಗಳನ್ನು ಬೋರಲು ಮಲಗಿಸುವ ರೂಢಿ ಬಹುಕಾಲ ಇತ್ತು. ನಿದ್ದೆಯಲ್ಲೇ ಕಾರಣ ತಿಳಿಯದೆ ಸಾಯುವ ಕೂಸುಗಳಿಗೂ ಬೋರಲು ಮಲಗುವುದಕ್ಕೂ ನಂಟಿದೆ ಎಂದು ಸಂಶೋಧನೆಗಳು ತೋರಿಸಿದವು. 1992ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಬೋರಲು ಮಲಗಿಸಬೇಡಿ ಎಂದು ಸಲಹೆ ಕೊಟ್ಟಿತು. 1994ರಲ್ಲಿ ‘ಬ್ಯಾಕ್ ಟು ಸ್ಲೀಪ್’ ಎಂಬ ದೊಡ್ಡ ಪ್ರಚಾರ ಶುರುವಾಯಿತು. ಕೆಲವೇ ವರ್ಷಗಳಲ್ಲಿ ಅಂಥ ಸಾವುಗಳು ಅರ್ಧದಷ್ಟು ಇಳಿದವು. ಸಾವಿರಾರು ಕೂಸುಗಳು ಬದುಕಿದವು. ಅದರ ಜೊತೆಯಲ್ಲೇ ಹಿಂದಲೆ ಚಪ್ಪಟೆಯಾದ ಕೂಸುಗಳೂ ಹೆಚ್ಚಾಗಿ ಕಾಣತೊಡಗಿದವು. ಜೀವ ಉಳಿದದ್ದರ ಮುಂದೆ ಇದು ಬಹಳ ಸಣ್ಣ ಬೆಲೆ. ಆದ್ದರಿಂದ ಒಂದು ಮಾತನ್ನು ಬರೆದಿಟ್ಟುಕೊಳ್ಳಿ: ತಲೆ ಚಪ್ಪಟೆಯಾಯಿತೆಂದು ಕೂಸನ್ನು ಬೋರಲು ಮಲಗಿಸಿ ನಿದ್ದೆ ಮಾಡಿಸಬಾರದು. ನಿದ್ದೆ ಯಾವಾಗಲೂ ಅಂಗಾತವೇ ಆಗಬೇಕು. ಹಾಸಿಗೆ ಗಟ್ಟಿಯಾಗಿ, ಸಮವಾಗಿ ಇರಬೇಕು. ತಲೆಗೆ ದಿಂಬು ಬೇಡ, ಮುಖದ ಬಳಿ ಕೌದಿಯ ಮಡಿಕೆ ಬೇಡ.

ಎಷ್ಟು ಕೂಸುಗಳಲ್ಲಿ ಹೀಗಾಗುತ್ತದೆ? ಕೆನಡಾದ ಕ್ಯಾಲ್ಗರಿಯಲ್ಲಿ 7ರಿಂದ 12 ವಾರದ 440 ಕೂಸುಗಳನ್ನು ಪರೀಕ್ಷಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಶೇಕಡಾ 46.6ರಷ್ಟು ಕೂಸುಗಳ ತಲೆಯಲ್ಲಿ ಸ್ವಲ್ಪವಾದರೂ ಚಪ್ಪಟೆ ಕಂಡಿತು. ಅವುಗಳಲ್ಲೂ ಮುಕ್ಕಾಲಿಗಿಂತ ಹೆಚ್ಚು ಬಹಳ ಸೌಮ್ಯವಾದವು. ಬಲಗಡೆ ಚಪ್ಪಟೆಯಾದವೇ ಹೆಚ್ಚು. ನ್ಯೂಜಿಲೆಂಡಿನಲ್ಲಿ ಒಂದೇ ಗುಂಪಿನ ಮಕ್ಕಳನ್ನು ಎರಡು ವರ್ಷ ಹಿಂಬಾಲಿಸಿ 2004ರಲ್ಲಿ ಪ್ರಕಟಿಸಿದ ಲೆಕ್ಕ ತಾಯಂದಿರಿಗೆ ಧೈರ್ಯ ಕೊಡುವಂಥದ್ದು. ಆರು ವಾರಕ್ಕೆ ಶೇಕಡಾ 16, ನಾಲ್ಕು ತಿಂಗಳಿಗೆ ಸುಮಾರು 20, ಎಂಟು ತಿಂಗಳಿಗೆ ಸುಮಾರು 9, ವರ್ಷಕ್ಕೆ ಸುಮಾರು 7, ಎರಡು ವರ್ಷಕ್ಕೆ 3ರ ಆಸುಪಾಸು. ಅಂದರೆ ನಾಲ್ಕು ತಿಂಗಳವರೆಗೆ ಏರುತ್ತದೆ. ಕೂಸು ಕುತ್ತಿಗೆ ನಿಲ್ಲಿಸಿ, ಹೊರಳಿ, ಎದ್ದು ಕೂರತೊಡಗಿದ ಮೇಲೆ ಇಳಿಯುತ್ತದೆ. ಎರಡು ಅಧ್ಯಯನಗಳು ಅಳೆದ ಬಗೆ ಬೇರೆ, ಆದ್ದರಿಂದ ಅಂಕಿಗಳೂ ಬೇರೆ. ಆದರೆ ತಿರುಳು ಒಂದೇ: ಇದು ಬಹಳ ಕೂಸುಗಳಲ್ಲಿ ಕಾಣುತ್ತದೆ, ಬಹುಪಾಲು ಕೂಸುಗಳಲ್ಲಿ ಕಡಿಮೆಯಾಗುತ್ತದೆ.

ಮಲಗುವ ಭಂಗಿಯಿಂದ ಆದ ಚಪ್ಪಟೆ ಮಿದುಳನ್ನು ಅದುಮುವುದಿಲ್ಲ. ಮಿದುಳು ಬೆಳೆಯುವ ಕಡೆಗೆ ಬುರುಡೆ ಎಡೆ ಕೊಡುತ್ತಲೇ ಇರುತ್ತದೆ. ಹೆಚ್ಚು ಚಪ್ಪಟೆಯಿರುವ ಕೆಲವು ಮಕ್ಕಳಲ್ಲಿ ಕೈಕಾಲಿನ ಚಟುವಟಿಕೆ ತುಸು ನಿಧಾನವಿರುವುದನ್ನು ಅಧ್ಯಯನಗಳು ಗುರುತಿಸಿವೆ. ಆದರೆ ಚಪ್ಪಟೆಯಿಂದ ನಿಧಾನ ಬಂತು ಎಂದು ಅದರ ಅರ್ಥವಲ್ಲ. ಚಲನೆ ಕಡಿಮೆಯಿರುವ ಕೂಸು ಒಂದೇ ಭಂಗಿಯಲ್ಲಿ ಹೆಚ್ಚು ಹೊತ್ತು ಮಲಗುತ್ತದೆ, ಅದರಿಂದ ತಲೆ ಚಪ್ಪಟೆಯಾಗಬಹುದು. ಆದ್ದರಿಂದ ತಲೆ ಚಪ್ಪಟೆಯಾದ ಕೂಸು ಕಂಡರೆ ಅದರ ಇಡೀ ಬೆಳವಣಿಗೆಯನ್ನು ನೋಡಬೇಕು: ಕಣ್ಣು ಹಿಂಬಾಲಿಸುತ್ತದೆಯೆ, ಸದ್ದಿಗೆ ತಿರುಗುತ್ತದೆಯೆ, ಮೈ ತೀರ ಸಡಿಲವಾಗಿದೆಯೆ?

ಕೆಲವು ಕೂಸುಗಳ ಬಗ್ಗೆ ಮೊದಲಿಂದಲೇ ಎಚ್ಚರ ಬೇಕು. ತಿಂಗಳು ತುಂಬದೆ ಹುಟ್ಟಿದವು, ಅವಳಿಗಳು, ಚೊಚ್ಚಲ ಕೂಸುಗಳು, ವ್ಯಾಕ್ಯೂಮ್ ಅಥವಾ ಇಕ್ಕಳ ಹಚ್ಚಿ ಹೆರಿಗೆಯಾದವು, ಒಂದೇ ಕಡೆಯಿಂದ ಬಾಟಲಿ ಹಾಲು ಕುಡಿಯುವವು. ಎಲ್ಲಕ್ಕಿಂತ ಮುಖ್ಯವಾದದ್ದು ಕುತ್ತಿಗೆ. ಕಿವಿಯ ಹಿಂದಿನಿಂದ ಎದೆಯ ಮೂಳೆಗೆ ಇಳಿಯುವ ಸ್ನಾಯು ಒಂದು ಕಡೆ ಬಿಗಿಯಾಗಿದ್ದರೆ ತಲೆ ಆ ಕಡೆಗೆ ವಾಲುತ್ತದೆ, ಗದ್ದ ಇನ್ನೊಂದು ಕಡೆಗೆ ತಿರುಗುತ್ತದೆ. ಕೆಲವೊಮ್ಮೆ ಆ ಸ್ನಾಯುವಿನಲ್ಲಿ ಚಿಕ್ಕ ಗಂಟೂ ಕೈಗೆ ಸಿಗುತ್ತದೆ. ಇಂಥ ಕೂಸು ಬೇಕೆಂದರೂ ಇನ್ನೊಂದು ಕಡೆ ಹೊರಳಲಾರದು. ತಾಯಿ ಎಷ್ಟು ಸಲ ತಲೆ ತಿರುಗಿಸಿ ಮಲಗಿಸಿದರೂ ಮತ್ತೆ ಅದೇ ಕಡೆಗೆ ಬರುತ್ತದೆ. ಕುತ್ತಿಗೆಯನ್ನು ನೋಡದೆ ತಲೆಯ ಬಗ್ಗೆ ಮಾತಾಡಿದರೆ ಆ ತಾಯಿಗೆ ಸುಮ್ಮನೆ ನೋವು ಕೊಟ್ಟಂತಾಗುತ್ತದೆ.

ನೋಡುವ ಬಗೆ ಸುಲಭ. ಕೂಸನ್ನು ತೊಡೆಯ ಮೇಲೆ ಕೂರಿಸಿ ಬೆನ್ನಿಗೂ ಕುತ್ತಿಗೆಗೂ ಆಸರೆ ಕೊಟ್ಟು, ತಲೆಗೂದಲನ್ನು ಒದ್ದೆ ಮಾಡಿ, ಮೇಲಿನಿಂದ ನೋಡಿ. ಹಿಂದಲೆ ಎರಡೂ ಕಡೆ ಒಂದೇ ಸಮ ಇದೆಯೆ? ಒಂದು ಕಿವಿ ಇನ್ನೊಂದಕ್ಕಿಂತ ಮುಂದೆ ಸರಿದಿದೆಯೆ? ಹಣೆ ಒಂದು ಕಡೆ ಉಬ್ಬಿದೆಯೆ? ಆಮೇಲೆ ಕೂಸನ್ನು ಅಂಗಾತ ಮಲಗಿಸಿ, ಗಿಲಕಿಯನ್ನೋ ನಿಮ್ಮ ಮುಖವನ್ನೋ ತೋರಿಸುತ್ತ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಿರಿ. ಗದ್ದ ಎರಡೂ ಭುಜಗಳ ಕಡೆಗೆ ಸರಿಸಮನಾಗಿ ತಿರುಗಬೇಕು. ಒಂದು ಕಡೆ ತಿರುಗಿ ಇನ್ನೊಂದು ಕಡೆ ನಡುವೆಯೇ ನಿಂತರೆ ವೈದ್ಯರಿಗೆ ತೋರಿಸಿ. ಇಷ್ಟು ಮಾಡಲು ಯಂತ್ರ ಬೇಡ, ಕ್ಷಕಿರಣ ಬೇಡ. ಹೆಚ್ಚೆಂದರೆ ಐದು ನಿಮಿಷ ಸಾಕು.

ಇನ್ನು ಮಾಡಬೇಕಾದ ಕೆಲಸ. ಕೂಸು ಬೆಳಕನ್ನೂ ಬಾಗಿಲನ್ನೂ ತಾಯಿಯ ಮುಖವನ್ನೂ ಹುಡುಕುತ್ತದೆ. ಗೋಡೆಯ ಬದಿಗೆ ಮಲಗಿಸಿದ ಕೂಸು ಇಡೀ ದಿನ ಒಂದೇ ಕಡೆ, ಮನೆಯೊಳಗಿನ ಕಡೆ, ನೋಡುತ್ತಿರುತ್ತದೆ. ಆದ್ದರಿಂದ ಇಂದು ತಲೆಯಿಟ್ಟ ಕಡೆ ನಾಳೆ ಕಾಲು ಬರುವಂತೆ ಮಲಗಿಸಿ. ಬಲಗಡೆ ಚಪ್ಪಟೆಯಾಗಿದ್ದರೆ ಬೆಳಕು, ಮಾತು, ಗಿಲಕಿ ಎಲ್ಲವೂ ಎಡಗಡೆಯಿಂದ ಬರಲಿ. ನಿದ್ದೆ ಹತ್ತಿದ ಮೇಲೆ ತಲೆಯನ್ನು ಮೆಲ್ಲಗೆ ಇನ್ನೊಂದು ಕಡೆ ಹೊರಳಿಸಿ. ಮೈ ಮಾತ್ರ ಅಂಗಾತವೇ ಇರಲಿ. ಮೊಲೆ ಕೊಡುವಾಗ ಎರಡೂ ಕಡೆ ಬದಲಾಗುವುದರಿಂದ ಕೂಸಿನ ಕುತ್ತಿಗೆ ತಾನಾಗಿ ಎರಡೂ ಕಡೆ ತಿರುಗುತ್ತದೆ. ಒಳಲೆ ಅಥವಾ ಬಾಟಲಿಯಲ್ಲಿ ಕುಡಿಸುವವರು ತೋಳು ಬದಲಾಯಿಸುವುದನ್ನು ರೂಢಿ ಮಾಡಿಕೊಳ್ಳಬೇಕು. ಕೂಸನ್ನು ಸೊಂಟದ ಮೇಲೆ, ಹೆಗಲ ಮೇಲೆ ಎತ್ತಿಕೊಂಡಷ್ಟು ಹೊತ್ತೂ ಹಿಂದಲೆಗೆ ವಿಶ್ರಾಂತಿ. ಬೆಂಗಳೂರಿನಲ್ಲಿ, ಹೊರದೇಶಗಳಲ್ಲಿ ಇರುವ ನಮ್ಮ ಮಕ್ಕಳು ಕೂಸನ್ನು ಕಾರಿನ ಆಸನದಿಂದ ತೂಗುಕುರ್ಚಿಗೆ, ಅಲ್ಲಿಂದ ಮಂಚಕ್ಕೆ ದಾಟಿಸುತ್ತಾರೆ. ಮೂರೂ ಕಡೆ ಹಿಂದಲೆಗೇ ಭಾರ. ಅವರಿಗೂ ಫೋನಿನಲ್ಲಿ ಇದನ್ನು ಹೇಳಿ.

ಎಚ್ಚರವಿದ್ದಾಗ, ಕಣ್ಣೆದುರೇ, ಕೂಸನ್ನು ಬೋರಲು ಹಾಕುವುದು ಇನ್ನೊಂದು ಮುಖ್ಯ ಕೆಲಸ. ಇನ್ನೂ ಅಂಬೆಗಾಲಿಡದ ಕೂಸುಗಳನ್ನು ಎಚ್ಚರವಿದ್ದಾಗ ದಿನಕ್ಕೆ ಒಟ್ಟು 30 ನಿಮಿಷವಾದರೂ, ಹಲವು ಸಲ ಸೇರಿಸಿ, ಬೋರಲು ಇರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಲಹೆ ಕೊಟ್ಟಿತು. ಮೊದಲು ಎರಡು ಮೂರು ನಿಮಿಷದಿಂದ ಶುರು ಮಾಡಿ. ಚಾಪೆಯ ಮೇಲೆ ಅತ್ತರೆ ನಿಮ್ಮ ಎದೆಯ ಮೇಲೆ ಹಾಕಿಕೊಳ್ಳಿ, ತೊಡೆಗೆ ಅಡ್ಡಲಾಗಿ ಹಾಕಿಕೊಳ್ಳಿ. ಕುತ್ತಿಗೆ, ಬೆನ್ನು, ತೋಳು ಗಟ್ಟಿಯಾಗುತ್ತವೆ. ಗಟ್ಟಿಯಾದ ಕುತ್ತಿಗೆ ತನ್ನ ತಲೆಯನ್ನು ತಾನೇ ತಿರುಗಿಸಿಕೊಳ್ಳುತ್ತದೆ.

ಇಲ್ಲಿ ನಮ್ಮ ಹಿರಿಯ ಹೆಣ್ಣುಮಕ್ಕಳಿಗೆ ನಮಸ್ಕಾರ ಹೇಳಬೇಕು. ಕೂಸಿಗೆ ಎರೆಯುವ ಅಜ್ಜಿ ಕಾಲು ನೀಡಿ ಕುಳಿತು, ಎರಡು ಕಾಲುಗಳ ನಡುವೆ ಕೂಸನ್ನು ಮೊದಲು ಅಂಗಾತ ಹಾಕಿ ಎಣ್ಣೆ ಹಚ್ಚುತ್ತಾಳೆ. ಆಮೇಲೆ ಬೋರಲು ಹಾಕಿ ಬೆನ್ನಿಗೆ ಹಚ್ಚಿ ನೀರು ಹಾಕುತ್ತಾಳೆ. ಬೋರಲು ಬಿದ್ದ ಕೂಸು ತಲೆ ಎತ್ತಲು ಹೆಣಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಕೇಳುವ ಆ 30 ನಿಮಿಷದ ಒಂದು ಪಾಲು ನಮ್ಮ ಬಚ್ಚಲಲ್ಲೇ ದಿನವೂ ನಡೆಯುತ್ತದೆ. ಆಂಧ್ರದ ಗಡಿಗೆ ಅಂಟಿಕೊಂಡ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ದೇಶ ಗೌರವಿಸಿದ್ದು ಇಂಥ ಕೈಗಳ ತಿಳಿವಳಿಕೆಯನ್ನೇ. ಆ ಕೈಗಳಿಗೆ ನನ್ನದು ಎರಡೇ ಬಿನ್ನಹ. ಒಂದು, ತಲೆ ದುಂಡಗಾಗಲಿ ಎಂದು ಅದುಮಿ ತೀಡಬೇಡಿ. ಬುರುಡೆ ಕೈಯೊತ್ತಡದಿಂದ ದುಂಡಗಾಗುವುದಿಲ್ಲ, ನೆತ್ತಿಗೆ ಪೆಟ್ಟಾಗಬಹುದು. ಎಣ್ಣೆ ಸವರಲು ಬೆರಳ ತುದಿ ಸಾಕು. ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದಂತೂ ಬೇಡವೇ ಬೇಡ. ಇನ್ನೊಂದು, ಎರೆಯುವಾಗ ಕುತ್ತಿಗೆ ಎರಡೂ ಕಡೆ ಸರಿಯಾಗಿ ತಿರುಗುತ್ತದೆಯೆ ಎಂದು ನೀವೇ ನೋಡಿ. ಕೂಸಿನ ಮೈಯನ್ನು ದಿನವೂ ಮುಟ್ಟುವ ನಿಮಗಿಂತ ಮೊದಲು ಅದು ಯಾವ ವೈದ್ಯರಿಗೂ ಗೊತ್ತಾಗುವುದಿಲ್ಲ.

ಜೋಳಿಗೆಯ ಬಗ್ಗೆಯೂ ಹೇಳಬೇಕು. ಸೀರೆಯ ಜೋಳಿಗೆಯಲ್ಲಿ ಹಿಂದಲೆಗೆ ಗಟ್ಟಿ ನೆಲ ತಾಗುವುದಿಲ್ಲ, ನಿಜ. ಆದರೆ ಅಲ್ಲಿ ಕೂಸು ಬಾಗಿ ಮಲಗುತ್ತದೆ. ಗದ್ದ ಎದೆಗೆ ಒತ್ತಿದರೆ, ಬಟ್ಟೆ ಮುಖಕ್ಕೆ ಮುಚ್ಚಿದರೆ ಉಸಿರಿಗೆ ಅಡ್ಡಿ. ಕಣ್ಣೆದುರು ಸ್ವಲ್ಪ ಹೊತ್ತು ತೂಗಿ ಸಮಾಧಾನ ಮಾಡಿ. ರಾತ್ರಿಯ ಉದ್ದ ನಿದ್ದೆಗೆ ಸಮತಟ್ಟಾದ ಹಾಸಿಗೆಯೇ ಇರಲಿ.

ಸಾಸಿವೆ ದಿಂಬು, ರಾಗಿ ದಿಂಬು, ಬಟ್ಟೆಯ ಸಿಂಬಿ, ಈಗ ನಡುವೆ ತೂತಿರುವ ಅಂಗಡಿಯ ದಿಂಬು: ಎಲ್ಲದರ ಹಿಂದಿರುವುದು ಪ್ರೀತಿಯೇ. ಆದರೆ ಕಾಳು ಸರಿದು, ದಿಂಬು ಜಾರಿ, ಮೂಗು ಮುಚ್ಚುವ ಅಪಾಯ ಅದರಲ್ಲಿದೆ. ತಲೆಗೆ ಆಕಾರ ಕೊಡುವ ದಿಂಬುಗಳನ್ನು ಕೂಸುಗಳಿಗೆ ಬಳಸಬೇಡಿ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2022ರ ನವೆಂಬರಿನಲ್ಲಿ ತಾಯಿತಂದೆಯರನ್ನು ಎಚ್ಚರಿಸಿತು. ಇದ್ದ ದಿಂಬನ್ನು ಎತ್ತಿಡಿ, ಹೊಸದನ್ನು ಕೊಳ್ಳಬೇಡಿ.

ಇನ್ನು ಹೆಲ್ಮೆಟ್. 1979ರಲ್ಲಿ ಅಮೆರಿಕದ ಸ್ಟರ್ಲಿಂಗ್ ಕ್ಲ್ಯಾರೆನ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ಚಪ್ಪಟೆ ತಲೆಗೆ ಅಚ್ಚಿನ ಟೋಪಿ ತೊಡಿಸುವ ಚಿಕಿತ್ಸೆಯನ್ನು ವರದಿ ಮಾಡಿದರು. ಇಂದು ದೊಡ್ಡ ನಗರಗಳಲ್ಲಿ ಅದು ಸಿಗುತ್ತದೆ. ದಿನಕ್ಕೆ 23 ಗಂಟೆ, ತಿಂಗಳುಗಟ್ಟಲೆ ತೊಡಿಸಬೇಕು, ಬೆಲೆಯೂ ದುಬಾರಿ. ನೆದರ್ಲೆಂಡ್ಸಿನಲ್ಲಿ ಮಧ್ಯಮದಿಂದ ತೀವ್ರ ಚಪ್ಪಟೆಯಿದ್ದ 84 ಕೂಸುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹೆಲ್ಮೆಟ್ ತೊಡಿಸಿ, ಇನ್ನೊಂದನ್ನು ಹಾಗೆಯೇ ಬಿಟ್ಟು ನೋಡಿದರು. 2014ರಲ್ಲಿ ಫಲಿತಾಂಶ ಬಂತು. ಎರಡು ವರ್ಷ ತುಂಬುವ ಹೊತ್ತಿಗೆ ತಲೆ ಪೂರ್ತಿ ಸರಿಹೋದದ್ದು ಹೆಲ್ಮೆಟ್ ತೊಟ್ಟವರಲ್ಲಿ ಶೇಕಡಾ 26, ತೊಡದವರಲ್ಲಿ ಶೇಕಡಾ 23. ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ತೊಟ್ಟ ಕೂಸುಗಳಿಗೆ ಚರ್ಮ ಕೆರಳುವುದು, ಬೆವರು, ನಾತ, ನೋವಿನಂಥ ತೊಂದರೆಗಳು ಬಂದವು. ತೀರ ತೀವ್ರವಾದ ಕೆಲವರಿಗೆ ಹೆಲ್ಮೆಟ್ ನೆರವಾಗಬಹುದು ಎಂದು ವಾದಿಸುವ ತಜ್ಞರೂ ಇದ್ದಾರೆ. ಅದನ್ನು ಅವರು ಕೂಸನ್ನು ನೋಡಿ ಹೇಳಲಿ. ಆದರೆ ಹೊಲ ಅಡವಿಟ್ಟು ಕೊಳ್ಳುವಂಥ ವಸ್ತು ಅದಲ್ಲ. ಇದೇ ಅಧ್ಯಯನ ಇನ್ನೊಂದು ನಿಜವನ್ನೂ ಹೇಳುತ್ತದೆ. ಇಷ್ಟು ಚಪ್ಪಟೆಯಾದ ಮೇಲೆ ಪೂರ್ತಿ ದುಂಡಗಾಗುವುದು ನಾಲ್ಕರಲ್ಲಿ ಒಂದು ತಲೆ ಮಾತ್ರ. ಉಳಿದವು ಸುಧಾರಿಸುತ್ತವೆ, ಕೂದಲು ಮುಚ್ಚುತ್ತದೆ. ಆದರೆ ಪೂರ್ತಿ ಸರಿಯಾಗುವುದಿಲ್ಲ. ತೀವ್ರವಾಗುವ ಮುನ್ನವೇ ಕೈಹಾಕಬೇಕು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಡ.

ಬೇಗ ಕೈಹಾಕಿದರೆ ಏನಾಗುತ್ತದೆ? ಅದಕ್ಕೂ ಅದೇ ದೇಶದಲ್ಲಿ ಉತ್ತರ ಸಿಕ್ಕಿದೆ. ಏಳು ವಾರಕ್ಕೇ ತಲೆಯನ್ನು ಒಂದೇ ಕಡೆ ತಿರುಗಿಸುತ್ತಿದ್ದ 65 ಕೂಸುಗಳಲ್ಲಿ ಒಂದು ಗುಂಪಿಗೆ ನಾಲ್ಕು ತಿಂಗಳು ಮಕ್ಕಳ ಫಿಸಿಯೋಥೆರಪಿ ಕೊಟ್ಟರು. ಇನ್ನೊಂದಕ್ಕೆ ವಾಡಿಕೆಯ ಸಲಹೆಯಷ್ಟೇ. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ ತೀವ್ರ ಚಪ್ಪಟೆಯ ಅಪಾಯ ಆರು ತಿಂಗಳ ಹೊತ್ತಿಗೆ ಶೇಕಡಾ 46ರಷ್ಟು, ಒಂದು ವರ್ಷದ ಹೊತ್ತಿಗೆ ಶೇಕಡಾ 57ರಷ್ಟು ಇಳಿದಿತ್ತು. ಮಲಗಿಸುವ, ಎತ್ತುವ, ಕುಡಿಸುವ, ಆಡಿಸುವ ಬಗೆಯನ್ನು ತಾಯಿತಂದೆಯರಿಗೆ ಕಲಿಸುವುದೇ ಆ ಚಿಕಿತ್ಸೆಯ ಜೀವಾಳ.

ಮನೆಯಲ್ಲಿ ಇಟ್ಟುಕೊಂಡು ಕಾಯಬಾರದ ತಲೆಗಳೂ ಇವೆ. ಸುಮಾರು ಎರಡು ಎರಡೂವರೆ ಸಾವಿರ ಹೆರಿಗೆಗಳಲ್ಲಿ ಒಂದು ಕೂಸಿಗೆ ಬುರುಡೆಯ ಸಂಧಿ ಹೊತ್ತಿಗೆ ಮೊದಲೇ ಬೆಸೆದುಕೊಳ್ಳುತ್ತದೆ. ಅಂಥ ತಲೆಯ ವಕ್ರ ಹುಟ್ಟಿನಿಂದಲೇ ಕಾಣಬಹುದು; ಭಂಗಿ ಬದಲಿಸಿದರೂ ಹೆಚ್ಚುತ್ತಲೇ ಹೋಗುತ್ತದೆ; ಸಂಧಿಯ ಉದ್ದಕ್ಕೂ ಗಟ್ಟಿ ದಿಂಡು ಬೆರಳಿಗೆ ತಗಲುತ್ತದೆ; ನೆತ್ತಿ ಬೇಗ ಮುಚ್ಚಿಕೊಳ್ಳಬಹುದು; ತಲೆಯ ಸುತ್ತಳತೆ ಬೆಳೆಯದೆ ನಿಲ್ಲಬಹುದು. ಭಂಗಿಯ ಚಪ್ಪಟೆಯಲ್ಲಿ ಆ ಕಡೆಯ ಕಿವಿ ಮುಂದೆ ಸರಿಯುತ್ತದೆ. ಹಿಂದಲೆಯ ಸಂಧಿ ಬೆಸೆದಾಗ ಕಿವಿ ಸಾಮಾನ್ಯವಾಗಿ ಹಿಂದಕ್ಕೆ, ಕೆಳಕ್ಕೆ ಎಳೆದಂತೆ ಕಾಣುತ್ತದೆ. ಹುಟ್ಟಿದಾಗ ಉದ್ದವಾಗಿದ್ದ ತಲೆ ಕೆಲವು ದಿನ, ವಾರಗಳಲ್ಲಿ ಸರಿಹೋಗುವುದು ಬೇರೆ ಸಂಗತಿ, ಅದಕ್ಕೆ ಹೆದರಬೇಕಿಲ್ಲ. ಬೆಸೆದ ಸಂಧಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಅದನ್ನು ಸಾಮಾನ್ಯವಾಗಿ ಮೊದಲ ವರ್ಷದಲ್ಲೇ ಮಾಡುತ್ತಾರೆ. ಅನುಮಾನ ಬಂದರೆ ಕರ್ನೂಲು, ರಾಯಚೂರು, ಬಳ್ಳಾರಿ, ಯಾವ ದಾರಿ ಹತ್ತಿರವೋ ಅಲ್ಲಿನ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ತಡಮಾಡದೆ ಹೋಗಿ. ರಾಜ್ಯ ಯಾವುದು ಎಂಬುದು ಆಗ ನಿಮ್ಮನ್ನು ತಡೆಯದಿರಲಿ.

ಈಗ ನನ್ನ ಮನಸ್ಸನ್ನು ಕೊರೆಯುವ ಮಾತಿಗೆ ಬರುತ್ತೇನೆ. ಎತ್ತಿಕೊಳ್ಳಿ, ಹೊರಳಿಸಿ, ಆಡಿಸಿ ಎಂದು ಹೇಳಿದೆ. ಯಾರ ಕೈಯಿಂದ? ಆದೋನಿ ಹತ್ತಿಯ ಊರು. ಹತ್ತಿ ಬಿಡಿಸುವ ಕಾಲಕ್ಕೆ ನಸುಕಿನಲ್ಲೇ ಹೊಲಕ್ಕೆ ಹೋಗುವವರು ಹೆಂಗಸರು. ಇಲ್ಲಿಯ ಕೆಲಸ ಮುಗಿದರೆ ಕೋಸಗಿ, ಕೌತಾಳಂ, ಮಂತ್ರಾಲಯ ಮಂಡಲಗಳಿಂದ ಮನೆಗೆ ಬೀಗ ಹಾಕಿ ಗುಂಟೂರು ಸೀಮೆಯ ಮೆಣಸಿನಕಾಯಿ ಹೊಲಗಳಿಗೆ ಗುಳೆ ಹೋಗುವ ಕುಟುಂಬಗಳು ಎಷ್ಟೋ. ಕೂಸೂ ಜೊತೆಗೆ ಹೋಗುತ್ತದೆ. ಹೊಲದ ಬದುವಿನಲ್ಲಿ, ಬಟ್ಟೆಯ ನೆರಳಲ್ಲಿ, ಅದನ್ನು ಅಂಗಾತ ಮಲಗಿಸಿ ಅಕ್ಕನನ್ನು ಕಾವಲಿಗೆ ಕೂರಿಸುತ್ತಾರೆ. ಆ ಅಕ್ಕನಿಗೇ ಆರು ವರ್ಷ. ಸಂಘಟಿತ ವಲಯದಲ್ಲಿ ದುಡಿಯುವ ಹೆಣ್ಣುಮಗಳಿಗೆ 2017ರ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗಳಿಗೆ 26 ವಾರ ಸಂಬಳದ ರಜೆ ಇದೆ. ಕೂಸಿನ ತಲೆ ಚಪ್ಪಟೆಯಾಗುವುದೂ, ಕೈಯ ಆರೈಕೆಯಿಂದ ಸರಿಹೋಗುವುದೂ ಹೆಚ್ಚಾಗಿ ಆ 26 ವಾರಗಳಲ್ಲೇ. ಹತ್ತಿ ಬಿಡಿಸುವವಳಿಗೆ ಅಂಥ ರಜೆಯಿಲ್ಲ. ‘ತಾಯಿ ಸರಿಯಾಗಿ ನೋಡಿಕೊಳ್ಳಲಿಲ್ಲ’ ಎಂದು ಅವಳ ಕಡೆ ಬೆರಳು ತೋರಿಸುವವರಿಗೆ ನಾನು ಕೈಮುಗಿದು ಹೇಳುತ್ತೇನೆ: ಆ ಮಾತನ್ನು ಬಿಡಿ. ಅವಳು ಮಾಡಿದ್ದು ತಪ್ಪಲ್ಲ, ದುಡಿಮೆ.

2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯಲ್ಲಿ ಒಂದು ಒಳ್ಳೆಯ ನಿಯಮವನ್ನು ಬರೆದಿದ್ದರು. ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳಿದ್ದರೆ, ಕೆಲಸಕ್ಕೆ ಬಂದ ಹೆಂಗಸರಲ್ಲೇ ಒಬ್ಬಳನ್ನು ಮಕ್ಕಳನ್ನು ನೋಡಿಕೊಳ್ಳಲು ನೇಮಿಸಬೇಕು, ಅವಳಿಗೂ ಕೂಲಿ ಕೊಡಬೇಕು. ಮಗುವನ್ನು ಎತ್ತಿಕೊಳ್ಳುವುದೂ ಕೆಲಸವೇ ಎಂದು ಒಪ್ಪಿದ ನಿಯಮ ಅದು. ನಮ್ಮ ಹತ್ತಿ ಹೊಲಗಳಲ್ಲಿ, ಮೇಸ್ತ್ರಿಗಳು ಕರೆದೊಯ್ಯುವ ಗುಂಪುಗಳಲ್ಲಿ ಇದೇ ನಿಯಮವನ್ನು ನಾವೇ ಏಕೆ ಮಾಡಿಕೊಳ್ಳಬಾರದು? ಹತ್ತು ಹೆಂಗಸರ ಗುಂಪಿನಲ್ಲಿ ಒಬ್ಬ ಹಿರಿಯಳಿಗೆ ಕೂಸುಗಳನ್ನು ಎತ್ತುವ, ಹೊರಳಿಸುವ, ಬೋರಲು ಹಾಕಿ ಆಡಿಸುವ ಕೆಲಸ ಕೊಟ್ಟು, ಅವಳ ಕೂಲಿಯನ್ನು ಹೊಲದ ಯಜಮಾನರು ಕೊಡಲಿ. ಈ ಸಭೆಯಲ್ಲಿ ಹೊಲದ ಯಜಮಾನರೂ ಇದ್ದೀರಿ. ಈ ಸುಗ್ಗಿಯಿಂದಲೇ ಶುರು ಮಾಡಬಹುದು.

ಕೊನೆಗೆ ಆರನೆಯ ವಾರದ ಮಾತು. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿನ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಬರಬೇಕು. 42ನೆಯ ದಿನವೆಂದರೆ ಆರು ವಾರ. ಕೂಸಿನ ಮುಂದಿನ ಚುಚ್ಚುಮದ್ದುಗಳು 6, 10 ಮತ್ತು 14ನೆಯ ವಾರಕ್ಕೆ. ನೆದರ್ಲೆಂಡ್ಸಿನ ಫಿಸಿಯೋಥೆರಪಿ ಅಧ್ಯಯನ ಆರಿಸಿಕೊಂಡದ್ದು ಏಳನೆಯ ವಾರವನ್ನು. ಅಂದರೆ ಯಾವ ಹೊತ್ತಿನಲ್ಲಿ ನೋಡಬೇಕೋ ಅದೇ ಹೊತ್ತಿಗೆ ನಮ್ಮ ಕಾರ್ಯಕರ್ತೆ ಮನೆಯ ಬಾಗಿಲಲ್ಲಿ ಇರುತ್ತಾಳೆ, ಅದೇ ಹೊತ್ತಿಗೆ ತಾಯಿ ಕೂಸನ್ನೆತ್ತಿಕೊಂಡು ಚುಚ್ಚುಮದ್ದಿಗೆ ಬಂದಿರುತ್ತಾಳೆ. ಹೊಸ ಯೋಜನೆ ಬೇಡ, ಹೊಸ ಹುದ್ದೆ ಬೇಡ. ತೂಕ ನೋಡುವಾಗ ತಲೆಯನ್ನು ಮೇಲಿನಿಂದ ನೋಡುವುದು, ಕುತ್ತಿಗೆಯನ್ನು ಎರಡೂ ಕಡೆ ತಿರುಗಿಸಿ ನೋಡುವುದು, ಕಾರ್ಡಿನಲ್ಲಿ ಒಂದು ಸಾಲು ಬರೆಯುವುದು; ಇಷ್ಟು ಸೇರಿದರೆ ಸಾಕು. 10ನೆಯ, 14ನೆಯ ವಾರಕ್ಕೆ ಮತ್ತೆ ನೋಡಿ ಹೋಲಿಸಬಹುದು. ಅನುಮಾನ ಬಂದ ಕೂಸನ್ನು 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತೋರಿಸಬಹುದು. ಹುಟ್ಟುದೋಷ ಮತ್ತು ಬೆಳವಣಿಗೆಯ ತಡವನ್ನು ಬೇಗ ಗುರುತಿಸುವುದೂ ಅದರ ಕೆಲಸ.

ಕಾರ್ಡಿನ ಆ ಒಂದು ಸಾಲನ್ನು ಕನ್ನಡದಲ್ಲೂ ತೆಲುಗಿನಲ್ಲೂ ಬರೆಯಿರಿ ಎಂದು ಕೇಳಿಕೊಳ್ಳುತ್ತೇನೆ. ರಾಯಚೂರಿನ ತವರಿನಲ್ಲಿ ಆರನೆಯ ವಾರಕ್ಕೆ ನೋಡಿದ್ದು, ಮಾಧವರಂನ ಗಂಡನ ಮನೆಯಲ್ಲಿ ಹದಿನಾಲ್ಕನೆಯ ವಾರಕ್ಕೆ ಓದಲು ಬರಬೇಕು. ಎರಡು ನುಡಿ ಬಲ್ಲ ಹುಡುಗ ಹುಡುಗಿಯರು ಈ ಸೀಮೆಯ ಪ್ರತಿ ಊರಲ್ಲೂ ಇದ್ದಾರೆ. ಈ ಕೆಲಸದಲ್ಲಿ ಅವರೇ ಆಶಾ ಕಾರ್ಯಕರ್ತೆಯರ ಜೊತೆಗಾರರಾಗಲಿ. ದತ್ತಿಯ ಹಿರಿಯರು ಈ ಉಪನ್ಯಾಸವನ್ನು ಅಚ್ಚು ಮಾಡಿಸುವುದಾಗಿ ಹೇಳಿದ್ದಾರೆ. ತಲೆ, ಕುತ್ತಿಗೆ ನೋಡುವ ಬಗೆಯನ್ನು ಎರಡೂ ನುಡಿಗಳಲ್ಲಿ ಒಂದೇ ಹಾಳೆಯಲ್ಲಿ ಅಚ್ಚು ಮಾಡಿಸಿ ಪ್ರತಿ ಅಂಗನವಾಡಿಯ ಗೋಡೆಗೆ ಹಚ್ಚಿದರೆ ದತ್ತಿಯ ಹಣ ಸಾರ್ಥಕವಾಗುತ್ತದೆ.

ಮನೆಗೆ ಹೋದ ಮೇಲೆ ಇಷ್ಟು ನೆನಪಿಟ್ಟುಕೊಳ್ಳಿ. ನಿದ್ದೆಗೆ ಅಂಗಾತ, ಎಚ್ಚರದಲ್ಲಿ ಬೋರಲು, ಉಳಿದ ಹೊತ್ತು ಕೈಯಲ್ಲಿ. ದಿಂಬು ಬೇಡ, ಅದುಮುವುದು ಬೇಡ, ತಾಯಿಯನ್ನು ದೂರುವುದು ಬೇಡ. ಆರನೆಯ ವಾರಕ್ಕೆ ತಲೆಯನ್ನೂ ಕುತ್ತಿಗೆಯನ್ನೂ ತಪ್ಪದೆ ತೋರಿಸಿ. ಈ ಊರಿನ ಮುಂದಿನ ಕೂಸಿಗೆ ಆರು ವಾರ ತುಂಬುವ ದಿನ ಅದರ ತಲೆಯನ್ನು ಯಾರು ನೋಡುತ್ತಾರೆ ಎಂಬುದನ್ನು ಆಶಾ ಮತ್ತು ಅಂಗನವಾಡಿಯ ಅಕ್ಕಂದಿರು ಇಂದು ಇಲ್ಲಿಂದ ಏಳುವ ಮುನ್ನವೇ ಮಾತಾಡಿ ಗೊತ್ತುಮಾಡಿಕೊಳ್ಳಲಿ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.